ಪೆಟ್ರೋಲು ಸೋಸುವ ಚರ್ಮ

ನಮ್ಮ ಊರಿನಲ್ಲಿ ಬಾವಿ ಇಲ್ಲ, ಕೆರೆ ಇಲ್ಲ, ನಲ್ಲಿಯೂ ಇಲ್ಲ. ಸಂಜೆ ಕೊಡಕ್ಕೆ ಮುಚ್ಚಳ ಹಾಕಿಟ್ಟರೆ ಬೆಳಗಾಗುವಷ್ಟರಲ್ಲಿ ಅದರಲ್ಲಿ ನೀರು ಹುಟ್ಟಿರುತ್ತದೆ. ಪಾತ್ರೆ ಖಾಲಿಯಿದ್ದರೆ ಕುತ್ತಿಗೆಮಟ್ಟ, ಒಳಗೆ ಬೇರೇನಾದರೂ ಇದ್ದರೆ ತಳದಲ್ಲಿ ಒಂದು ಬೊಗಸೆ. ಹಾಗಾಗಿ ಜೋಳವನ್ನು ಬಾಯಿ ತೆರೆದ ಚೀಲದಲ್ಲಿಡುತ್ತೇವೆ, ಸೀರೆಗಳನ್ನು ಹಗ್ಗದ ಮೇಲೆ. ಟ್ರಂಕಿನ ಬಾಯಿಗೆ ಕೋಲು ಸಿಕ್ಕಿಸದೆ ಯಾರೂ ಮಲಗುವುದಿಲ್ಲ. ಬೇರೆ ಊರಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮೊದಲ ವಾರ ಉಪ್ಪಿನ ಡಬ್ಬಿ ಮುಚ್ಚಿಟ್ಟು ಅಳುತ್ತಾರೆ, ಅತ್ತೆಯರು ನಗುತ್ತಾರೆ, ಎರಡನೆಯ ವಾರಕ್ಕೆ ಎಲ್ಲ ರೂಢಿಯಾಗುತ್ತದೆ.

ಮುಚ್ಚಳ ಮಾತ್ರ ಮೇಲಿನ ನಾಲ್ಕು ಓಣಿಗಳದು. ನಾವು ಕೆಳಗೇರಿಯವರು ಏನನ್ನೂ ಮುಚ್ಚುವಂತಿರಲಿಲ್ಲ. ನಮ್ಮ ಕೈ ಯಾವುದಾದರೂ ಪಾತ್ರೆಯನ್ನು ಮುಚ್ಚಿದರೆ ಇಡೀ ಊರಿನ ನೀರು ನಿಂತುಹೋಗುತ್ತದೆ ಅಂತ ಮಾತು. ಬೆಳಿಗ್ಗೆ ಮೇಲಿನ ಓಣಿಗಳ ಕಟ್ಟೆಯ ಕೆಳಗೆ ಕೊಡ ಹಿಡಿದು ನಿಂತರೆ ಅವರು ಮೇಲಿಂದ ಸುರಿಯುತ್ತಿದ್ದರು. ಕೊಡಕ್ಕೆ ಬಿದ್ದದ್ದು ನಮ್ಮದು, ನೆಲಕ್ಕೆ ಬಿದ್ದದ್ದು ನಮ್ಮ ಹಣೆಬರಹ. ಆ ಮಾತು ನಿಜವೋ ಸುಳ್ಳೋ ಅಂತ ಒಬ್ಬನೇ ಒಬ್ಬ ಪರೀಕ್ಷೆ ಮಾಡಹೋಗಿದ್ದ. ಅವನು ನಮ್ಮವ್ವನ ತಂಗಿ ಹುಲಿಗೆವ್ವ ಚಿಗವ್ವನ ಗಂಡ. ಕತ್ತಲಾಗುವ ಮೊದಲೇ ಸಿಕ್ಕಿಬಿದ್ದ. ಅದೇ ಮುಚ್ಚಳದ ಅಡಿಗೆ ಅವನ ಬಲಗೈ ಬೆರಳುಗಳನ್ನಿಟ್ಟು ಮೇಲೆ ನಿಂತು ತುಳಿದರು. ಆಮೇಲೆ ಅವನು ಬದುಕಿದ್ದ ಹನ್ನೆರಡು ವರ್ಷವೂ ಚಿಗವ್ವನೇ ಅವನಿಗೆ ರೊಟ್ಟಿ ಮುರಿದು ತಿನ್ನಿಸಿದಳು. ಯಾರಿಗೆ ಮುಚ್ಚಳ ಉಂಟು, ಯಾರಿಗಿಲ್ಲ ಅಂತ ತೀರ್ಮಾನ ಕೊಡುವ ಮನೆತನವೊಂದು ಊರಲ್ಲಿತ್ತು. ನನ್ನ ಕಾಲಕ್ಕೆ ಆ ಮನೆಯ ಯಜಮಾನ ಮುಚ್ಚಳದ ರಾಚೋಟಪ್ಪ.

ನಾನು ಮುದುಕಪ್ಪ, ಸ್ಟೋವ್ ರಿಪೇರಿ ನನ್ನ ಕಸುಬು. ಸೀಮೆಎಣ್ಣೆ ಸ್ಟೋವಿನ ಹೊಟ್ಟೆಯೂ ಮುಚ್ಚಿದ ಪಾತ್ರೆಯೇ ಆದ್ದರಿಂದ ಅದರಲ್ಲೂ ರಾತ್ರಿ ನೀರು ಹುಟ್ಟುತ್ತದೆ, ಬೆಳಿಗ್ಗೆ ಹಚ್ಚಿದರೆ ಸೀನುತ್ತದೆ. ಮೇಲಿನ ಓಣಿಗಳ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ನೀರು ಬಸಿದು, ಪಿನ್ನು ಹೊಡೆದು, ವಾಷರು ಬದಲಿಸಿ ಕೊಡುತ್ತಿದ್ದೆ. ಆದರೆ ಎಣ್ಣೆಯ ಮುಚ್ಚಳ ತಿರುವಲು ಆ ಮನೆಯವರೇ ಬರಬೇಕು. ಹಚ್ಚಿದ ಮೇಲೆ ಬೆಂಕಿ ನನ್ನ ಮೈಲಿಗೆಯನ್ನು ಸುಟ್ಟುಬಿಡುತ್ತದೆ ಅಂತ ಅವರಿಗೆ ಸಮಾಧಾನ.

ಊರ ಸುತ್ತ ಎರೆಮಣ್ಣು. ವರ್ಷದಲ್ಲಿ ಎಂಟು ತಿಂಗಳು ಚಕ್ಕಡಿಯ ಗಾಲಿ ಅಚ್ಚಿನವರೆಗೆ ಹೂತುಕೊಳ್ಳುತ್ತದೆ. ಆ ಎಂಟು ತಿಂಗಳು ಕಾಯಿಲೆಯವರಿಗೆ ಒಂದೇ ದಾರಿ, ಆಸ್ಪತ್ರೆಯ ಸಣ್ಣ ವಿಮಾನ. ಊರ ಪಡುವಣಕ್ಕೆ ಸುಣ್ಣಗಲ್ಲಿನ ಗಟ್ಟಿ ದಿಬ್ಬವೊಂದಿದೆ, ಅಲ್ಲಿ ಅದು ಇಳಿಯುತ್ತಿತ್ತು. ಪ್ರತಿ ಗುರುವಾರ ಊರ ಮೇಲೆ ಹಾದುಹೋಗುವಾಗ ದಿಬ್ಬದ ಮೇಲೆ ಬಿಳಿ ಧೋತರ ಹಾಸಿದ್ದರೆ ಇಳಿ ಅಂತ ಅರ್ಥ. ಒಂದು ಸ್ಟ್ರೆಚರು, ಪಕ್ಕದಲ್ಲಿ ಒಂದು ಸೀಟು, ಅಷ್ಟೇ ಜಾಗ. ಮೇಲಿಂದಲೇ ಹಾದುಹೋದರೆ ಅದರ ಟ್ಯಾಂಕು ಸಾಲುತ್ತಿತ್ತು, ಇಳಿದು ಭಾರ ಹೊತ್ತು ಮತ್ತೆ ಏರಬೇಕಾದರೆ ಇಲ್ಲಿ ಪೆಟ್ರೋಲು ತುಂಬಬೇಕು. ಬೇಸಿಗೆಯಲ್ಲಿ ಚಕ್ಕಡಿಯ ಮೇಲೆ ಬಂದ ಬ್ಯಾರಲ್ಲುಗಳು ರಾಚೋಟಪ್ಪನ ಸುಪರ್ದಿನಲ್ಲಿ ದಿಬ್ಬದ ಮಗ್ಗುಲಿನ ಶೆಡ್ಡಿನಲ್ಲಿರುತ್ತಿದ್ದವು. ಬ್ಯಾರಲ್ಲಿನ ಬಾಯಿಗೂ ತಿರುವಿ ಹಾಕುವ ಬಿರಡೆ ಉಂಟು. ಬಿರಡೆ ಹಾಕಿದರೆ ನೀರು, ಹಾಕದಿದ್ದರೆ ಪೆಟ್ರೋಲು ಆವಿಯಾಗಿ ಹೋಗುತ್ತದೆ.

ನನ್ನ ಹೆಂಡತಿ ನಿಂಬೆವ್ವನಿಗೆ ಎರಡು ಹೆರಿಗೆಯಾಗಿ ಎರಡೂ ಕೂಸು ಉಳಿದಿರಲಿಲ್ಲ. ಎರಡನೆಯ ಸಲ ಅವಳೂ ಉಳಿದದ್ದೇ ಹೆಚ್ಚು. ಮೂರನೆಯದು ಆಸ್ಪತ್ರೆಯಲ್ಲೇ ಆಗಬೇಕು, ಹೊಟ್ಟೆ ಕೊಯ್ದೇ ತೆಗೆಯಬೇಕು ಅಂತ ಬೇಸಿಗೆಯಲ್ಲಿ ಬಂದಿದ್ದ ಡಾಕ್ಟರು ಹೇಳಿಹೋಗಿದ್ದರು. ಅವಳ ದಿನಗಳು ತುಂಬುವುದು ಕೆಸರಿನ ನಡುಮಧ್ಯದಲ್ಲಿ. ಅಂದರೆ ವಿಮಾನ ಬಂದರೆ ಅವಳು, ಬರದಿದ್ದರೆ ಅವಳಿಲ್ಲ. ಇದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಮಳೆ ಹಿಡಿದ ಮೊದಲ ತಿಂಗಳಲ್ಲೇ ವಿಮಾನದ ಎಂಜಿನ್ನು ಆಕಾಶದಲ್ಲಿ ಎರಡು ಸಲ ಕೆಮ್ಮಿತು. ಪೈಲಟ್ಟು ಕ್ಯಾಪ್ಟನ್ ಖತೀಜಾ ಅಂತ, ಗಟ್ಟಿ ಹೆಣ್ಣುಮಗಳು, ಬೇರೆ ಸೀಮೆಯವರು. ಮುಂದಿನ ಗುರುವಾರ ಇಳಿದವರೇ ಗಾಜಿನ ಬಾಟಲಿಯಲ್ಲಿ ಪೆಟ್ರೋಲು ಹಿಡಿದು ರಾಚೋಟಪ್ಪನ ಮುಖದ ಮುಂದೆ ಅಲ್ಲಾಡಿಸಿದರು. ತಳದಲ್ಲಿ ಎರಡು ಬೆರಳು ನೀರು. "ಇದನ್ನ ಸೋಸೋ ವ್ಯವಸ್ಥೆ ಆಗೋವರೆಗೆ ನಾನು ಇಲ್ಲಿ ತುಂಬಿಸ್ಕೊಳ್ಳಲ್ಲ. ತುಂಬಿಸ್ಕೊಳ್ಳದಿದ್ರೆ ಬರೋಕೂ ಆಗಲ್ಲ," ಅಂದರು. ಅದೇ ಮಧ್ಯಾಹ್ನ ರಾಚೋಟಪ್ಪನ ಮನೆಯಿಂದ ನನಗೆ ಕರೆ ಬಂತು. ಎಣ್ಣೆಯಿಂದ ನೀರು ತೆಗೆಯುವವನು ಊರಲ್ಲಿ ನಾನೊಬ್ಬನೇ.

ಕ್ಯಾಪ್ಟನ್ನು ನನ್ನನ್ನು ನೋಡಿ ನಕ್ಕರು. "ಮುದುಕಪ್ಪ ಅಂದ್ರು, ಯಾರೋ ವಯಸ್ಸಾದೋರು ಬರ್ತಾರೆ ಅಂದ್ಕೊಂಡಿದ್ದೆ."

"ಹುಟ್ಟಿದಾಗಿಂದ ಇದ ಹೆಸರ್ರಿ ಅಕ್ಕಾರ. ಮುಪ್ಪಾಗೂತನಕ ಬದಕಲಿ ಅಂತ ಇಟ್ಟಾರ," ಅಂದೆ.

ಬಾವಿಯೇ ಇಲ್ಲದ ಊರಲ್ಲಿ ಪಂಪು ಎಲ್ಲಿಂದ ಬರಬೇಕು? ಹತ್ತಿಗೆ ಔಷಧಿ ಹೊಡೆಯುವ ಹಳೆಯ ಪಂಪೊಂದನ್ನು ಬಿಚ್ಚಿ ಜೋಡಿಸಿದೆ. ಅದರ ರಬ್ಬರು ವಾಷರು ಎರಡೇ ದಿನಕ್ಕೆ ಪೆಟ್ರೋಲಿನಲ್ಲಿ ನೆನೆದ ಅವಲಕ್ಕಿಯ ಹಾಗೆ ಉಬ್ಬಿ ಹರಿಯಿತು. ಸ್ಟೋವಿಗೆ ಹಾಕುವ ಹಾಗೆ ಚರ್ಮದ ವಾಷರು ಕತ್ತರಿಸಿ ಹಾಕಿದೆ, ನಿಂತಿತು. ಬ್ಯಾರಲ್ಲನ್ನು ಇಟ್ಟಿಗೆಯ ಮೇಲೆ ಓರೆಯಾಗಿ ನಿಲ್ಲಿಸಿ ಒಂದು ದಿನ ಅಲುಗಾಡಿಸದೆ ಬಿಟ್ಟೆ. ನೀರು ತೂಕದ್ದು, ತಗ್ಗಿನ ಬದಿಗೆ ಇಳಿದು ಕೂಡುತ್ತದೆ. ಹೀರುವ ಕೊಳವೆಯ ತುದಿ ತಳದಿಂದ ಆರು ಬೆರಳು ಮೇಲೇ ನಿಲ್ಲುವ ಹಾಗೆ ಅಡ್ಡಪಟ್ಟಿ ಬಿಗಿದೆ. ಪೆಟ್ರೋಲು ಹರಿಯುವ ಉಜ್ಜಾಟಕ್ಕೇ ಕಿಡಿ ಹಾರಬಹುದು, ಬ್ಯಾರಲ್ಲಿನಿಂದ ವಿಮಾನದ ಮೈಗೂ ಅಲ್ಲಿಂದ ನೆಲಕ್ಕೂ ತಂತಿ ಕಟ್ಟಬೇಕು ಅಂತ ಕ್ಯಾಪ್ಟನ್ನು, ಉಳಿದ ಪೆಟ್ರೋಲಿನಲ್ಲೇ ಖಾಲಿ ವಿಮಾನ ಹಾರಿಸಿಕೊಂಡು ಹೋಗುವ ಮೊದಲು, ಹೇಳಿಕೊಟ್ಟಿದ್ದರು. ಇಷ್ಟೆಲ್ಲ ಆದರೂ ಹನಿಹನಿ ನೀರು ಪೆಟ್ರೋಲಿನ ಜೊತೆ ಮೇಲೆ ಬರುತ್ತಲೇ ಇತ್ತು. ಧೋತರವನ್ನು ನಾಲ್ಕು ಮಡಿಕೆ ಮಾಡಿ ಸೋಸಿದೆ. ಕಂಬಳಿಯಲ್ಲಿ ಸೋಸಿದೆ. ಕಸ ನಿಂತಿತು, ನೀರು ನಿಲ್ಲಲಿಲ್ಲ.

ಚಿಗವ್ವ ತೊಗಲು ಹದ ಮಾಡುವವಳು. ನನ್ನ ಒದ್ದಾಟವನ್ನು ಮೂರು ದಿನ ನೋಡಿ, ನಾಲ್ಕನೆಯ ದಿನ ಬೈದಳು. "ಏ ಮುದುಕ್ಯಾ, ಬಟ್ಟಿಗೆ ಕಣ್ಣಿಲ್ಲೋ, ಎಲ್ಲಾರನೂ ಬಿಡ್ತೈತಿ. ತೊಗಲು ಹಂಗಲ್ಲ, ಅದಕ್ಕ ಗುರ್ತು ಹಿಡಿಯೂದು ಗೊತ್ತೈತಿ." ಎಳೆಯ ಕುರಿಯ ಚರ್ಮ ತಂದಳು. ಕೂದಲು ತೆಗೆದು, ಮೇಲಿನ ನುಣುಪು ಪದರ ಕೆರೆದುಹಾಕಿ, ಕುಸುಬಿ ಎಣ್ಣೆಯನ್ನು ಬಡಿದು ಬಡಿದು ಕುಡಿಸಿ, ಬಿಸಿಲು ಕಂಡಾಗ ಬಿಸಿಲಿಗೆ, ಇಲ್ಲದಾಗ ಒಲೆಯ ಮುಂದೆ, ಹನ್ನೆರಡು ದಿನ. ಕೊನೆಗೆ ಚೌಳು ನೀರಲ್ಲಿ ತೊಳೆದು ಕೈಯಲ್ಲಿ ಎಳೆದೆಳೆದು ಒಣಗಿಸಿದಾಗ ಅದು ಹಸುಗೂಸಿನ ಕಿವಿಯಷ್ಟು ಮೆತ್ತಗಾಗಿತ್ತು. ಎರಡು ತುಂಡು ಮಾಡಿ ಒಂದನ್ನು ನನಗೆ ಕೊಟ್ಟಳು. "ಒಣಗಿದ ತೊಗಲು ಮೊದಲಿಗೆ ಏನು ಕುಡೀತೈತೋ ಅದಕ್ಕಷ್ಟ ದಾರಿ ಬಿಡ್ತೈತಿ. ಮೊದಲು ಪೆಟ್ರೋಲ ಕುಡಸು. ಆಮ್ಯಾಲ ನೀರು ಬಂದು ಎಷ್ಟ ಬಾಗಿಲಾ ಬಡದ್ರೂ ತಗಿಯಂಗಿಲ್ಲ. ಮೊದಲ ನೀರು ಬಿತ್ತೋ, ಮುಗೀತು, ನೀರಿಗೂ ದಾರಿ ಆತು. ಪ್ರತಿ ಸಲ ಒಣಗಿದಾಗೂ ಹಿಂಗ."

"ಪೆಟ್ರೋಲಿನ ಮಾರಿನ ನೋಡಿಲ್ಲ ನೀ. ನಿನಗ ಹ್ಯಾಂಗ ಗೊತ್ತು ಚಿಗವ್ವಾ?"

"ಎಣ್ಣಿ ನೋಡೀನಲ್ಲೋ. ಯಾವ ಎಣ್ಣಿ ಆದರೇನು, ನೀರಿಗೆ ಸವತಿನ."

ಅಗಲ ಬಾಯಿಯ ತಗಡಿನ ಲಾಳಿಕೆಗೆ ಆ ಚರ್ಮ ಕಟ್ಟಿ, ಮೊದಲು ಪೆಟ್ರೋಲಿನಲ್ಲಿ ತೋಯಿಸಿ, ಆಮೇಲೆ ಬ್ಯಾರಲ್ಲಿನದನ್ನು ಸುರಿದೆವು. ಪೆಟ್ರೋಲು ಸದ್ದಿಲ್ಲದೆ ಕೆಳಗಿಳಿಯಿತು. ನೀರು ಚರ್ಮದ ತಗ್ಗಿನಲ್ಲಿ ಪಾದರಸದ ಹಾಗೆ ಉರುಳಾಡುತ್ತ ಉಳಿಯಿತು. ಗುರುವಾರ ಧೋತರ ಕಂಡು ಇಳಿದಿದ್ದ ಕ್ಯಾಪ್ಟನ್ನು ಬಾಟಲಿಯಲ್ಲಿ ಹಿಡಿದು, ಹಿಡಿದದ್ದನ್ನು ಕಾಲು ಗಂಟೆ ಅಲುಗದಂತೆ ಇಟ್ಟರು. ಪೆಟ್ರೋಲಿನಲ್ಲಿ ಕಾಣದ ಹಾಗೆ ಸೇರಿದ ನೀರು ತಳಕ್ಕಿಳಿದು ಮುಖ ತೋರಿಸಲು ಅಷ್ಟು ಹೊತ್ತು ಬೇಕಂತೆ. ಕಾಲು ಗಂಟೆಯಾದ ಮೇಲೂ ತಳ ಸ್ವಚ್ಛವಾಗಿತ್ತು. ಅವರು ಚಿಗವ್ವನ ಕೈ ಹಿಡಿದು ಕುಲುಕಿದರು. ಕೇರಿಯ ಹೊರಗಿನವರು ತನ್ನ ಕೈ ಹಿಡಿದದ್ದು ಅವಳ ಜೀವಮಾನದಲ್ಲಿ ಅದೇ ಮೊದಲು. ಆ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಸಂಜೆಯವರೆಗೆ ಸೆರಗಲ್ಲಿ ಸುತ್ತಿಕೊಂಡೇ ಓಡಾಡಿದಳು.

ಹೀಗೆ ಹತ್ತು ಗುರುವಾರ ನಡೆಯಿತು. ಮೇಲಿನ ಓಣಿಯವನೊಬ್ಬ ಬಂದು ಬಿರಡೆ ತಿರುವುತ್ತಿದ್ದ, ನಾನು ಪಂಪು ಹೊಡೆಯುತ್ತಿದ್ದೆ, ಚಿಗವ್ವ ಲಾಳಿಕೆ ಹಿಡಿಯುತ್ತಿದ್ದಳು. ಹನ್ನೊಂದನೆಯ ಗುರುವಾರ ಹತ್ತಬೇಕಾದವನು ರಾಚೋಟಪ್ಪನ ತಮ್ಮ ಶಾಂತಮಲ್ಲಪ್ಪ. ಹೊಟ್ಟೆಯಲ್ಲಿ ಕಲ್ಲಾಗಿ ನೆಲದ ಮೇಲೆ ಹೊರಳಾಡುತ್ತಿದ್ದ. ಹಿಂದಿನ ದಿನವೇ ರಾಚೋಟಪ್ಪನ ಆಳುಗಳು ಬಂದು ಲಾಳಿಕೆಯನ್ನೂ ಚರ್ಮವನ್ನೂ ಒಯ್ದಿದ್ದರು. "ನಾಳೆ ಹತ್ತೋರು ಮನೆತನದೋರು. ನೀವಿಬ್ರೂ ದೂರ ನಿಲ್ರಿ, ನಾವ ತುಂಬತೀವಿ," ಅಂದರು. ನಾನು ಏನೂ ಅನ್ನಲಿಲ್ಲ. ಅನ್ನಬೇಕಾಗಿತ್ತು. ಚರ್ಮಕ್ಕೆ ಮೊದಲು ಏನು ಕುಡಿಸಬೇಕು ಅಂತಾದರೂ ಕೂಗಿ ಹೇಳಬೇಕಾಗಿತ್ತು. ಹುಟ್ಟಿದಾಗಿನಿಂದ ದೂರ ನಿಂತು ನಿಂತು, ದೂರ ನಿಲ್ಲು ಅಂದಾಗ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ.

"ಮುದುಕಪ್ಪ ಎಲ್ಲಿ?" ಅಂತ ಕ್ಯಾಪ್ಟನ್ನು ಕೇಳಿದರಂತೆ. ಮೈಯಲ್ಲಿ ಆರಾಮಿಲ್ಲ ಅಂದರಂತೆ. ಬಾಟಲಿಯನ್ನು ಕಾಲು ಗಂಟೆ ಇಡಲು ಬಿಡದೆ, ತಮ್ಮ ಸಾಯ್ತಾನ, ಬಿಡ್ರಿ ಬಿಡ್ರಿ ಅಂತ ರಾಚೋಟಪ್ಪ ಗದ್ದಲ ಮಾಡಿದನಂತೆ. ನಾನು ಹೊಲದ ಬದುವಿನಿಂದ ನೋಡುತ್ತಿದ್ದೆ. ವಿಮಾನ ಎದ್ದಿತು, ಹತ್ತಿಹೊಲದ ಮೇಲೆ ಎರಡು ಸಲ ಕೆಮ್ಮಿತು, ಮೂರನೆಯದಕ್ಕೆ ಸದ್ದೇ ನಿಂತಿತು. ಸದ್ದಿಲ್ಲದ ವಿಮಾನ ಎಷ್ಟು ಸಣ್ಣದಾಗಿ ಕಾಣುತ್ತದೆ ಅಂತ ಅವತ್ತು ನೋಡಿದೆ. ಕ್ಯಾಪ್ಟನ್ನು ಅದನ್ನು ಹೇಗೋ ತೇಲಿಸಿಕೊಂಡು ಬಂದು ಕೆಸರಿನಲ್ಲಿ ಗಾಲಿ ಹೂತು ತಟ್ಟನೆ ನಿಲ್ಲುವ ಹಾಗೆ ಇಳಿಸಿದರು. ಅವರ ಹಣೆ ಒಡೆದಿತ್ತು. ಶಾಂತಮಲ್ಲಪ್ಪನ ಮೊಣಕಾಲಿನ ಕೆಳಗೆ ಎಲುಬು ಹೊರಗೆ ಬಂದಿತ್ತು.

ಎತ್ತು ಕಟ್ಟಿ ವಿಮಾನವನ್ನು ದಿಬ್ಬಕ್ಕೆ ಎಳೆಯುವುದಕ್ಕೆ ಮೊದಲೇ ಚಿಗವ್ವನನ್ನು ಎಳೆದೊಯ್ದು ಮುಚ್ಚಳದ ಮನೆಯ ಕಂಬಕ್ಕೆ ಕಟ್ಟಿದರು. ಕೆಳಗೇರಿಯ ತೊಗಲಿನ ಮೈಲಿಗೆ ವಿಮಾನಕ್ಕೆ ತಟ್ಟಿದೆ, ಇವಳೇ ಬೇಕಂತ ಮಾಡಿದ್ದಾಳೆ ಅಂದರು. ಮರುದಿನ ಬೆಳಿಗ್ಗೆ ಇಡೀ ಊರು ಸೇರಿತು. ಆ ಚರ್ಮ ಕೊಡ್ರಿ ನೋಡ್ತೀನಿ ಅಂತ ಕೇಳಿ ಇಸಿದುಕೊಂಡೆ. ಅದು ಹಳದಿಯಾಗಿತ್ತು, ಇನ್ನೂ ಹಸಿಯಾಗಿಯೇ ಇತ್ತು. ಮೂಗಿಗೆ ಹಿಡಿದೆ, ಅರಿಷಿಣ.

"ಇದರ ಮ್ಯಾಲ ಏನ್ ಹಾಕೀರಿ?" ಅಂದೆ.

ರಾಚೋಟಪ್ಪ ಮುಚ್ಚಿಡಲಿಲ್ಲ. ಮುಚ್ಚಿಡಬೇಕಾದ ತಪ್ಪು ಅಂತಲೇ ಅವನಿಗೆ ಅನ್ನಿಸಿರಲಿಲ್ಲ. "ಶುದ್ಧ ಮಾಡೀವಿ. ಅರಿಷಿಣ ನೀರು ಚಿಮುಕಿಸೀವಿ. ನಿಮ್ಮ ಕೈಯಾಗಿಂದು ಹಂಗ ಹಚ್ಚಾಕ ಬರ್ತೈತೇನಲೇ?"

ಚಿಗವ್ವ ಕಂಬದಿಂದಲೇ ನಕ್ಕಳು. ಅಂಥ ನಗು ನಾನು ಯಾವತ್ತೂ ಕೇಳಿರಲಿಲ್ಲ. "ಮನ್ಯಾಗ ಇನ್ನರ್ಧ ತೊಗಲೈತಿ, ತಗೊಂಡ್ ಬಾರೋ ಮುದುಕ್ಯಾ," ಅಂದಳು.

ಒಂದೇ ಕುರಿ, ಒಂದೇ ಕೈ, ಒಂದೇ ಎಣ್ಣೆ. ಹಣೆಗೆ ಪಟ್ಟಿ ಕಟ್ಟಿಕೊಂಡ ಕ್ಯಾಪ್ಟನ್ನಿನ ಎದುರಿಗೆ, ಊರ ಎದುರಿಗೆ, ಎರಡೂ ತುಂಡುಗಳ ಮೇಲೆ ಒಂದೊಂದು ಸೇರು ಪೆಟ್ರೋಲಿಗೆ ಒಂದೊಂದು ಚಮಚ ನೀರು ಬೆರೆಸಿ ಸುರಿದೆ. ಒಂದಕ್ಕೆ ಮೊದಲು ಪೆಟ್ರೋಲು ಕುಡಿಸಿದ್ದೆ, ಇನ್ನೊಂದು ಅರಿಷಿಣ ನೀರು ಕುಡಿದಿತ್ತು. ಎರಡು ಬಾಟಲಿ ಕಟ್ಟೆಯ ಮೇಲಿಟ್ಟು ಕಾಲು ಗಂಟೆ ಕಾದೆವು. ಒಂದರ ತಳದಲ್ಲಿ ಏನೂ ಇಲ್ಲ. ಇನ್ನೊಂದರ ತಳದಲ್ಲಿ ಹಳದಿ ನೀರು. ಕ್ಯಾಪ್ಟನ್ನೇ ಹೋಗಿ ಚಿಗವ್ವನ ಕಟ್ಟು ಬಿಚ್ಚಿದರು. "ನಂದೂ ತಪ್ಪಿದೆ, ನಾನು ಕಾಯಬೇಕಿತ್ತು," ಅಂದರು. ಆಮೇಲೆ ರಾಚೋಟಪ್ಪನ ಕಡೆ ತಿರುಗಿದರು. "ಇನ್ನು ಮೇಲೆ ಬ್ಯಾರಲ್ಲು ಇವರ ಕೈಯಲ್ಲೇ ಇರಬೇಕು. ಬಿರಡೆ ತೆಗೆಯೋದು, ಹಾಕೋದು, ಸೋಸೋದು, ಎಲ್ಲ ಇವರೇ. ರಿಪೇರಿ ಆದ್ಮೇಲೆ ಮುಂದಿನ ಗುರುವಾರದವರೆಗೆ ದಿನಾ ಮೇಲಿಂದ ನೋಡ್ತೀನಿ. ನೀವು ಒಪ್ಪಿದ್ರೆ ಧೋತರ ಹಾಸಿ. ಇಲ್ಲಾಂದ್ರೆ ಇದೇ ಕೊನೆ."

ಟ್ಯಾಂಕನ್ನು ಪೂರ್ತಿ ಬಸಿದು, ಹೊಸ ಚರ್ಮದಲ್ಲಿ ಮೂರು ಸಲ ಸೋಸಿ ತುಂಬಿಕೊಟ್ಟೆವು. ನಿಂಬೆವ್ವನನ್ನು ಈಗಲೇ ಕರಕೊಂಡು ಹೋಗ್ರಿ ಅಂತ ಅವರ ಕಾಲಿಗೆ ಬಿದ್ದೆ. "ಬಿದ್ದು ಎದ್ದ ವಿಮಾನ, ಮುದುಕಪ್ಪ. ಇದರಲ್ಲಿ ಬಸುರಿಯನ್ನ ಕೂರಿಸಲ್ಲ. ನಾನೇ ತಲುಪ್ತೀನೋ ಇಲ್ವೋ," ಅಂದು ಒಬ್ಬರೇ ಹೋದರು.

ಅವತ್ತಿನಿಂದ ಆರು ದಿನ ಮುಚ್ಚಳದ ಮನೆಯ ಮುಂದೆ ಸಭೆ. ನೀರಿನದೇ ತಪ್ಪು ಹೌದು ಅಂತ ಮೊದಲನೆಯ ದಿನವೇ ಒಪ್ಪಿದರು. ಕಣ್ಣಿಗೆ ಕಂಡದ್ದನ್ನು ಇಲ್ಲ ಅನ್ನುವ ಮಂದಿ ಅಲ್ಲ ಅವರು. ಆದರೆ ಶುದ್ಧ ಮಾಡದೆ ತಮ್ಮವರು ಹತ್ತುವುದು ಹೇಗೆ, ಬಿರಡೆಯೂ ಮುಚ್ಚಳವೇ ಆದ್ದರಿಂದ ಅದು ಕೆಳಗೇರಿಯ ಕೈಗೆ ಹೋಗುವುದು ಹೇಗೆ ಅಂತ ಎರಡನೆಯ ದಿನ. ಬಿರಡೆಯನ್ನು ಮುಚ್ಚಳ ಅನ್ನಬಹುದೋ ಇಲ್ಲವೋ ಅಂತ ಮೂರನೆಯ ದಿನ, ನಾಲ್ಕನೆಯ ದಿನ. ಪುಸ್ತಕ ತೆಗೆದರು, ಹಿರಿಯರನ್ನು ಕೇಳಿದರು, ಚಹಾ ಕುಡಿದರು. ನಾನು ಕಟ್ಟೆಯ ಕೆಳಗೆ ಕೈಕಟ್ಟಿ ನಿಂತು ಆರೂ ದಿನ ಕೇಳಿದೆ. ಒಳಗಿನ ಕೋಣೆಯಲ್ಲಿ ಶಾಂತಮಲ್ಲಪ್ಪ ನರಳುತ್ತಿದ್ದ. ಅವನ ಕಾಲು ನಾರಲು ಶುರುವಾಗಿತ್ತು. ಐದನೆಯ ದಿನ ನಿಂಬೆವ್ವನಿಗೆ ನೋವು ಹತ್ತಿತು. ತಿಂಗಳು ತುಂಬಲು ಇನ್ನೂ ಹನ್ನೆರಡು ದಿನ ಇತ್ತು. ಅವತ್ತೂ ಮರುದಿನವೂ ವಿಮಾನ ಮೇಲೆ ಸುತ್ತಿ ಹೋಯಿತು, ದಿಬ್ಬದ ಮೇಲೆ ಧೋತರ ಇರಲಿಲ್ಲ. ಆರನೆಯ ದಿನ, ಬುಧವಾರ, ರಾಚೋಟಪ್ಪ ತೀರ್ಮಾನ ಕೊಟ್ಟ. "ವಿಮಾನ ಬರದಿದ್ರ ಬ್ಯಾಡ. ನಮ್ಮ ಹಿರೇರಿಗೆ ವಿಮಾನ ಇತ್ತೇನು?"

ಗುರುವಾರ ಹೊತ್ತು ಏರುತ್ತಲೇ ಚಿಗವ್ವ ನಮ್ಮ ಮನೆಯಿಂದ ಹೊರಗೆ ಬಂದಳು. ಒಳಗೆ ನಿಂಬೆವ್ವನ ಧ್ವನಿ ಇಳಿಯುತ್ತಾ ಬಂದಿತ್ತು. "ಕೂಗೂ ಹೆಣಮಗಳನ್ನ ಕಾಯಬಹುದು. ಕೂಗೂದು ಬಿಟ್ಟಾಕೀನ ಕಾಯಾಕ ಆಗೂದಿಲ್ಲ. ನಡೀರೆವ್ವಾ," ಅಂದಳು. ಕೆಳಗೇರಿಯ ಹನ್ನೊಂದು ಮಂದಿ ಹೆಂಗಸರು ಅವಳ ಹಿಂದೆ ನಡೆದರು. ನಾವು ಗಂಡಸರು ನಿಂಬೆವ್ವನನ್ನು ಹೊರಸಿನ ಮೇಲೆ ಹೊತ್ತು ಅವರ ಹಿಂದೆ.

ಶೆಡ್ಡಿನ ಮುಂದೆ ರಾಚೋಟಪ್ಪ ಕೂತಿದ್ದ. ನಮ್ಮನ್ನು ತಡೆಯಲು ಅವನು ಕೋಲು ಹಿಡಿಸಿರಲಿಲ್ಲ. ಬ್ಯಾರಲ್ಲುಗಳ ಬಿರಡೆ ಬಿಚ್ಚಿಸಿ ಪಕ್ಕದಲ್ಲಿ ಸಾಲಾಗಿ ಇಡಿಸಿದ್ದ, ಅಷ್ಟೇ. ಬಿರಡೆ ಹಾಕದೆ ಬ್ಯಾರಲ್ಲು ಉರುಳಿಸಲಾಗುವುದಿಲ್ಲ, ಬಿರಡೆ ಹಾಕಲು ನಮಗೆ ಕೈಯಿಲ್ಲ. "ಒಯ್ರಿ ನೋಡೂನು," ಅಂದ. ಚಿಗವ್ವ ಬಾಗಿ ಒಂದು ಬಿರಡೆ ಎತ್ತಿಕೊಂಡಳು. ಅವನು ಕೂತಲ್ಲಿಂದ ಎದ್ದ. "ಹುಲಿಗೀ, ಅದನ್ನ ಹಾಕಿದ್ಯೋ, ನಾಳಿಗೆ ಊರಾಗ ಒಂದ್ ಹನಿ ನೀರು ಹುಟ್ಟಂಗಿಲ್ಲ. ಕೂಸು ಕುನ್ನಿ ಒಣಗಿ ಸಾಯ್ತಾವು. ಆ ಪಾಪ ನಿಂದು."

"ನಿಮ್ಮ ಮನಿ ಕೂಸಿನ ಬಾಯಾಗಿನ ನೀರು ನನ್ನ ಕೈಯಾಗೈತಿ ಅಂತ ಇಷ್ಟ ವರ್ಷ ಯಾಕ ಹೇಳಿರಲಿಲ್ಲ ಯಪ್ಪಾ?" ಅಂದಳು ಚಿಗವ್ವ. "ಹೇಳಿದ್ರ ನಾನೂ ಸ್ವಲ್ಪ ಜಂಬ ಮಾಡ್ಕೊಂತ ಅಡ್ಡಾಡ್ತಿದ್ದೆ."

ಬಿರಡೆಯನ್ನು ಬ್ಯಾರಲ್ಲಿನ ಬಾಯಿಗಿಟ್ಟು ತಿರುವಿದಳು. ಒಂದು ಸುತ್ತು, ಎರಡು ಸುತ್ತು. ನಮ್ಮ ಹೆಂಗಸರಲ್ಲಿ ಒಬ್ಬಿಬ್ಬರು ಕಣ್ಣು ಮುಚ್ಚಿದ್ದರು. ಆಕಾಶ ಕಳಚಿ ಬೀಳಲಿಲ್ಲ. ರಾಚೋಟಪ್ಪನ ಆಳುಗಳು ಒಂದು ಹೆಜ್ಜೆ ಹಿಂದೆ ಸರಿದರು, ಆ ಬಿರಡೆ ತಮಗೆ ಎಲ್ಲಿ ತಾಗೀತೋ ಅನ್ನುವ ಹಾಗೆ.

ಎರಡು ಬ್ಯಾರಲ್ಲು ಉರುಳಿಸಿಕೊಂಡು ದಿಬ್ಬಕ್ಕೆ ಬಂದೆವು, ಧೋತರ ಹಾಸಿದೆವು. ವಿಮಾನ ಎರಡು ಸುತ್ತು ಹಾಕಿ ಇಳಿಯಿತು. ಸೀಟು ಖಾಲಿಯಿದೆ, ಕಾಲು ಮುರಿದವರೂ ಬರಬಹುದು ಅಂತ ಕ್ಯಾಪ್ಟನ್ನು ಹೇಳಿ ಕಳಿಸಿದರು. ಶುದ್ಧವಾಗದ ವಿಮಾನದಲ್ಲಿ, ಅದೂ ಕೆಳಗೇರಿಯ ಬಸುರಿಯ ಪಕ್ಕದಲ್ಲಿ, ತನ್ನ ತಮ್ಮ ಕೂಡುವುದಿಲ್ಲ ಅಂತ ರಾಚೋಟಪ್ಪ ಹೇಳಿ ಕಳಿಸಿದ.

ಉರುಳಿಸಿದ ಬ್ಯಾರಲ್ಲಿನಲ್ಲಿ ನೀರೂ ಪೆಟ್ರೋಲೂ ಕಲಸಿಹೋಗಿದ್ದವು. ನಿಲ್ಲಿಸಿ ಒಂದು ದಿನ ಬಿಡಲು ನಮ್ಮ ಹತ್ತಿರ ದಿನ ಇರಲಿಲ್ಲ. ಎಲ್ಲ ಭಾರವೂ ಚರ್ಮದ ಮೇಲೆ ಬಿತ್ತು. ನಾಲ್ಕು ಸಲ ಪಂಪು ಹೊಡೆದರೆ ಲಾಳಿಕೆಯಲ್ಲಿ ನೀರು ತುಂಬಿ ಪೆಟ್ರೋಲಿಗೆ ದಾರಿ ಕಟ್ಟುತ್ತಿತ್ತು. ಚಿಗವ್ವ ಲಾಳಿಕೆಯನ್ನು ವಾಲಿಸಿ ನೀರು ಚೆಲ್ಲಿ, ಚರ್ಮಕ್ಕೆ ಮತ್ತೆ ಪೆಟ್ರೋಲು ಕುಡಿಸಿ, "ಹೊಡಿ" ಅನ್ನುವಳು. ಮತ್ತೆ ನಾಲ್ಕು ಸಲ. ರೆಕ್ಕೆಯ ನೆರಳಲ್ಲಿ ನಿಂಬೆವ್ವ ಮಲಗಿದ್ದಳು. ಟ್ಯಾಂಕು ತುಂಬಿದ ಮೇಲೆ ಕ್ಯಾಪ್ಟನ್ನು ಬಾಟಲಿಗೆ ಹಿಡಿದು ಬ್ಯಾರಲ್ಲಿನ ಮೇಲಿಟ್ಟು ಕೈಗಡಿಯಾರ ನೋಡಿದರು.

"ಅಕ್ಕಾರ, ಹೋಗಿಬಿಡ್ರಿ," ಅಂದೆ.

"ಹದಿನೈದು ನಿಮಿಷ, ಮುದುಕಪ್ಪ. ಹೋದ ಸಲ ಕಾಯಲಿಲ್ಲ."

ನಿಂಬೆವ್ವ ನನ್ನ ಅಂಗಿ ಹಿಡಿದೆಳೆದಳು. "ಕಾಯ್ರಿ," ಅಂದಳು. "ನೀವು ಮಾಡಿದ್ದ ಕೆಲಸ, ನಿಮಗ ನಂಬಿಗಿ ಇಲ್ಲೇನು?" ನಂಬಿಕೆ ಇತ್ತು. ಹೊತ್ತು ಇರಲಿಲ್ಲ. ಹದಿನೈದು ನಿಮಿಷವೂ ನಾನು ಬಾಟಲಿಯ ತಳ ನೋಡಿದೆ, ಅವಳ ಮುಖ ನೋಡಲಿಲ್ಲ. ಇವತ್ತಿಗೂ ಅದೊಂದು ನನ್ನನ್ನು ಬಿಟ್ಟಿಲ್ಲ. ತಳ ಸ್ವಚ್ಛವಾಗಿತ್ತು. ವಿಮಾನ ಎದ್ದಿತು. ಬ್ಯಾರಲ್ಲು ಮತ್ತೆ ಮೇಲಿನವರ ಕೈಗೆ ಹೋಗಬಾರದು ಅಂತ ನಾನು ಹತ್ತದೆ ದಿಬ್ಬದ ಮೇಲೇ ಉಳಿದೆ. ಸದ್ದು ಕಿವಿಗೆ ಸಿಗುವವರೆಗೆ ಅದು ಒಂದು ಸಲವೂ ಕೆಮ್ಮಲಿಲ್ಲ.

ಮರುದಿನದಿಂದ ಮೇಲಿನ ಓಣಿಗಳು ನಮಗೆ ನೀರು ಸುರಿಯುವುದನ್ನು ನಿಲ್ಲಿಸಿದವು. ನಾವು ತಟ್ಟೆ, ಹಂಚು, ಬುಟ್ಟಿ, ಸಿಕ್ಕಿದ್ದನ್ನೆಲ್ಲ ಕೊಡಗಳ ಮೇಲೆ ಮುಚ್ಚಿದೆವು. ಬೆಳಿಗ್ಗೆ ಎಲ್ಲದರಲ್ಲೂ ನೀರಿತ್ತು. ಮೇಲಿನ ಓಣಿಗಳಲ್ಲೂ ಎಂದಿನಷ್ಟೇ ಹುಟ್ಟಿತ್ತು. ಮೊದಲ ಗುಟುಕು ಕುಡಿದ ಚಿಗವ್ವ, "ಇಷ್ಟಕ್ಕ ಅವನ ಬೆರಳು ಮುರದ್ರು," ಅಂದಳು.

ಮುಂದಿನ ಗುರುವಾರ ಧೋತರ ಹಾಸಿ ನಿಂತೆವು. ಕ್ಯಾಪ್ಟನ್ನು ಇಳಿದು ಹಿಂದಿನ ಬಾಗಿಲು ತೆಗೆದು, ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡು ನನ್ನ ಕಡೆ ನಡೆದು ಬಂದರು. ಅವರ ಹಿಂದೆ ಯಾರೂ ಇಳಿಯಲಿಲ್ಲ. "ಹೆಣ್ಣು ಮಗು," ಅಂದರು. "ಎರಡು ದಿನ ಇದ್ರು ಅವರು. ರಕ್ತ ತುಂಬಾ ಹೋಗಿತ್ತು. ಒಂದು ದಿನ ಮೊದಲು ತಂದಿದ್ರೆ ಅಂದ್ರು ಡಾಕ್ಟರು. ಯಾಕೆ ತಡ ಆಯ್ತು ಅಂತ ನನ್ನನ್ನ ಕೇಳಿದ್ರು." ಆಸ್ಪತ್ರೆಯ ಊರಲ್ಲೇ ಮಣ್ಣು ಮಾಡಿದ್ದರು. ನಾನು ಕೂಸನ್ನು ಇಸಿದುಕೊಂಡೆ. ಅದು ನಿದ್ದೆ ಮಾಡುತ್ತಿತ್ತು.

ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ತಲೆ ಎತ್ತಿದಾಗ ಹನ್ನೆರಡು ಹೆಜ್ಜೆ ದೂರದಲ್ಲಿ ರಾಚೋಟಪ್ಪ ನಿಂತಿದ್ದ. ಅವನ ಹಿಂದೆ ಹೊರಸಿನ ಮೇಲೆ ಶಾಂತಮಲ್ಲಪ್ಪ. ಕಾಲು ತೊಡೆಯವರೆಗೆ ಕಪ್ಪಾಗಿತ್ತು, ವಾಸನೆ ನಮ್ಮವರೆಗೆ ಬರುತ್ತಿತ್ತು. ಅವರ ಕೈಯಲ್ಲಿ ಅರಿಷಿಣ ನೀರಿನ ತಂಬಿಗೆ ಇರಲಿಲ್ಲ. "ಮುದುಕಪ್ಪ," ಅಂದ ರಾಚೋಟಪ್ಪ. ಲೇ ಅನ್ನಲಿಲ್ಲ. "ಪೆಟ್ರೋಲ ತುಂಬತೀಯೇನಪಾ?"

ಕೆಳಗೇರಿಯೆಲ್ಲ ನನ್ನ ಮುಖ ನೋಡಿತು. ಬ್ಯಾರಲ್ಲು ನಮ್ಮದು, ಬಿರಡೆ ನಮ್ಮದು, ಪಂಪು ನನ್ನ ಕೈಯದು. ಬೇಡ ಅಂದಿದ್ದರೆ ಯಾರೂ ನನ್ನನ್ನು ತಪ್ಪು ಅನ್ನುತ್ತಿರಲಿಲ್ಲ. ಏನೂ ಅನ್ನದೆ ಚರ್ಮವನ್ನು ಮೊದಲು ನೀರಲ್ಲದ್ದಿ ಸುಮ್ಮನೆ ತುಂಬಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದು ನನ್ನ ಮನಸ್ಸಿಗೆ ಬಂತು, ಬರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಮುಂದೆ ಕ್ಯಾಪ್ಟನ್ನು ಕೂಡುತ್ತಾರೆ. ಅಲ್ಲದೆ ಅದು ನನ್ನ ಕೆಲಸ.

ಕೂಸನ್ನು ಚಿಗವ್ವನ ಕೈಗೆ ಕೊಟ್ಟೆ. ಅಂಗೈ ಒಣಗಿರುವುದನ್ನು ನೋಡಿಕೊಂಡು ಚರ್ಮವನ್ನು ಪೆಟ್ರೋಲಿನಲ್ಲಿ ತೋಯಿಸಿದೆ, ತಂತಿ ಕಟ್ಟಿದೆ, ಬಿರಡೆ ತೆಗೆದೆ, ಪಂಪು ಹೊಡೆದೆ. ಲಾಳಿಕೆಯನ್ನು ಕ್ಯಾಪ್ಟನ್ನು ಹಿಡಿದರು. ಟ್ಯಾಂಕು ತುಂಬಿದ ಮೇಲೆ ಬಾಟಲಿಗೆ ಹಿಡಿದು ಬ್ಯಾರಲ್ಲಿನ ಮೇಲಿಟ್ಟೆ.

ಶಾಂತಮಲ್ಲಪ್ಪ ಹೊರಸಿನ ಮೇಲಿಂದ ಬಾಟಲಿಯನ್ನೇ ನೋಡುತ್ತಿದ್ದ. "ನೀರಿಲ್ಲ ಹೌದಿಲ್ಲೋ ತಮ್ಮಾ?"

"ತಡೀರಿ, ಇನ್ನೂ ಇಳಿದಿಲ್ಲ," ಅಂದೆ.

"ಅವಗ ಜೀವ ಹೊಂಟೈತೋ, ಲಗೂನ ಬಿಡಸೋ," ಅಂದ ರಾಚೋಟಪ್ಪ.

"ತಡೀರಿ."

ದಿಬ್ಬದ ಮೇಲೆ ಎರಡೂ ಕಡೆಯ ಮಂದಿ ಆ ಬಾಟಲಿಯನ್ನು ನೋಡುತ್ತ ನಿಂತರು. ಚಿಗವ್ವನ ಕೈಯಲ್ಲಿ ಕೂಸು ಎದ್ದು ಅಳತೊಡಗಿತು. ಆರು ದಿನ ನನ್ನನ್ನು ಕಾಯಿಸಿದವರನ್ನು ನಾನು ಹದಿನೈದು ನಿಮಿಷ ಕಾಯಿಸಿದೆ. ಒಂದು ನಿಮಿಷವೂ ಹೆಚ್ಚಲ್ಲ.